ದೇವರ ಬೆನ್ನ ಹಿಂದಿನ ಬೀದಿಗಳು

ಕಟ್ಟಿನ ಸಣ್ಣಪ್ಪನ ಬಗ್ಗೆ ಬೆಂಗಳೂರಿನಲ್ಲಿ ಕೆಲವರು ಒಂದು ಕತೆ ಹೇಳಿಕೊಂಡು ನಗುತ್ತಾರೆ. ಆ ಕತೆ ಸುಳ್ಳು. ಅದು ಸುಳ್ಳೆಂದು ಗೊತ್ತಿರುವವಳು ಈಗ ನಾನೊಬ್ಬಳೇ ಉಳಿದಿರುವುದರಿಂದ ಬರೆಯುತ್ತಿದ್ದೇನೆ. ನನ್ನನ್ನು ಒಳ್ಳೆಯವಳು ಎಂದುಕೊಂಡು ಯಾರೂ ಓದುವುದು ಬೇಡ.

ನನ್ನ ಹೆಸರು ರೋಜಾ. ಚಿತ್ರದುರ್ಗದಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇದೆ. ಪಕ್ಕದ ಮಳಿಗೆ ಸಣ್ಣಪ್ಪಣ್ಣನದು, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಹದಿನಾರು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ಅಣ್ಣ ಆಚೆ ಮೊಳೆ ಹೊಡೆದರೆ ಈಚೆ ನನ್ನ ಕ್ಯಾಲೆಂಡರ್ ಅಲ್ಲಾಡುತ್ತಿತ್ತು.

ಅವರು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಕಡೆಯ ಕುರುಬರು. ಅಪ್ಪ ಕುರಿ ಕಾಯುತ್ತಿದ್ದರು, ಕಂಬಳಿ ಹೊತ್ತುಕೊಂಡು ದುರ್ಗದ ಸಂತೆಗೆ ಬರುತ್ತಿದ್ದರು. ಏಳನೇ ಕ್ಲಾಸಿಗೆ ಓದು ಬಿಟ್ಟ ಮಗನನ್ನು ಇದೇ ಅಂಗಡಿಯಲ್ಲಿ ಕೆಲಸಕ್ಕೆ ಬಿಟ್ಟು ಹೋದರು. ಮುಂದೆ ಅಂಗಡಿ ಅವರದೇ ಆಯಿತು. ಅಲ್ಲಿಗೆ ಬರುವುದು ಎರಡೇ ಬಗೆಯ ಗಿರಾಕಿಗಳು. ಒಬ್ಬರು ದೇವರ ಪಟ ತರುತ್ತಾರೆ, ಇನ್ನೊಬ್ಬರು ಸತ್ತವರ ಫೋಟೋ ತರುತ್ತಾರೆ.

"ದಿನಾ ನಾಕು ಸತ್ತೋರ ಮುಖಕ್ಕೆ ಕಟ್ಟು ಹಾಕ್ತೀನಮ್ಮ," ಎಂದು ಒಮ್ಮೆ ಹೇಳಿದ್ದರು. "ಎಲ್ರೂ ನನ್ನನ್ನೇ ದುರುಗುಟ್ಕಂಡು ನೋಡ್ತಾರೆ. ಈ ಬೀದಿ ಫೋಟೋದಾಗೆ ಒಬ್ಬನೂ ನನ್ನ ಕಡೆ ತಿರುಗಲ್ಲ. ಅವರ ಪಾಡಿಗೆ ಅವರು ಹೋಗ್ತಾ ಅವ್ರೆ. ಆರಾಮಾಗೈತೆ."

ಬೀದಿ ಫೋಟೋ ಎಂದರೆ ನೂರು ವರ್ಷ ಹಿಂದಿನ ಪಟ್ಟಣಗಳ ಬೀದಿಗಳ ಫೋಟೋ. ಅಣ್ಣನಿಗೆ ಇದ್ದ ಒಂದೇ ಹುಚ್ಚು ಅದು. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಚುನಾವಣೆಯ ಮಾತೂ ಇಲ್ಲ.

ಅವು ಅವರಿಗೆ ಸಿಗುತ್ತಿದ್ದ ಬಗೆ ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಯುಗಾದಿಗೆ ಮೊದಲು ಸುಣ್ಣ ಬಳಿಯುವಾಗ ನಮ್ಮ ಕಡೆ ಮನೆಮನೆಯಲ್ಲೂ ಹಳೆಯ ದೇವರ ಪಟ ತೆಗೆದು ಹೊಸದು ಹಾಕುತ್ತಾರೆ. ಹಳೆಯದನ್ನು ಕಸಕ್ಕೆ ಎಸೆಯುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ಒಯ್ದು ಅರಳಿಕಟ್ಟೆಯ ಮೇಲೆ ಮರಕ್ಕೆ ಒರಗಿಸಿ, ಕೈಮುಗಿದು ಬರುತ್ತಾರೆ. ಆಮೇಲೆ ಆ ದೇವರನ್ನು ಮಳೆ ನೋಡಿಕೊಳ್ಳುತ್ತದೆ, ಗೆದ್ದಲು ನೋಡಿಕೊಳ್ಳುತ್ತದೆ. ಸಣ್ಣಪ್ಪಣ್ಣ ಗೋಣಿಚೀಲ ಹಿಡಿದು ಬಸ್ಸು ಹತ್ತಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಅರಳಿಕಟ್ಟೆಗಳನ್ನು ಸುತ್ತುತ್ತಿದ್ದರು. ತಾತ ಮುತ್ತಾತನ ಕಾಲದ ಕಟ್ಟು ಸಿಕ್ಕರೆ ಸಾಕು, ಎತ್ತಿಕೊಂಡು ಬರುವುದು. ಹಿಂದಿನ ಕಾಲದ ಕಟ್ಟಿನವರು ದೇವರಿಗೂ ಹಿಂಬದಿಯ ಹಲಗೆಗೂ ನಡುವೆ ಒಂದು ದಪ್ಪ ಕಾಗದ ಇಡುತ್ತಿದ್ದರಂತೆ, ಹಲಗೆಯ ಎಣ್ಣೆ ಪಟಕ್ಕೆ ಹತ್ತದಿರಲಿ ಎಂದು. ಅಂಗಡಿಯಲ್ಲಿ ಯಾವ ದಪ್ಪ ಕಾಗದ ಬಿದ್ದಿದ್ದರೆ ಅದು. ಯಾರಿಗೂ ಬೇಡವಾದ ಫೋಟೋ ಇದ್ದರೆ ಅದೇ.

ಹೊಳಲ್ಕೆರೆಯ ಒಂದು ಗಜಲಕ್ಷ್ಮಿ ಪಟದ ಹಿಂದೆ ಅವರಿಗೆ ಮೊದಲ ಬೀದಿ ಸಿಕ್ಕಿತು. ಮಳೆಯಲ್ಲಿ ನೆನೆದ ಬೊಂಬಾಯಿಯ ರಸ್ತೆ, ಒಂದು ಟ್ರಾಮು, ಕೊಡೆ ಹಿಡಿದ ಇಬ್ಬರು. ಅಲ್ಲಿಂದ ಇಪ್ಪತ್ತೆಂಟು ವರ್ಷದಲ್ಲಿ ಮೂವತ್ತೊಂದು ಸಿಕ್ಕವು. ಮೈಸೂರು, ಮದರಾಸು, ಬೆಂಗಳೂರು ಪೇಟೆ. ಎಲ್ಲದರ ಬಲಗಡೆ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಅವೇ ಎರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇಸವಿ. ಎಲ್ಲ ಒಂದೇ ಕೈಯ ಕೆಲಸ. ಮಾರಿಕಣಿವೆ ಅಣೆಕಟ್ಟೆಯ ಕೆಲಸಕ್ಕೆ ಬಂದು ಈ ಕಡೆಯೇ ನಿಂತ ಯಾವನೋ ಬಿಳಿಯ ದೊರೆ ಇರಬೇಕು, ಅವನು ಸತ್ತ ಮೇಲೆ ಸಾಮಾನು ಹರಾಜಾಗಿ ಕಟ್ಟಿನ ಅಂಗಡಿಗೆ ಈ ಕಾಗದ ತೂಕಕ್ಕೆ ಬಂದಿರಬೇಕು ಎಂದು ಅಣ್ಣನ ಲೆಕ್ಕಾಚಾರ. ನಿಜ ಯಾರಿಗೂ ಗೊತ್ತಿಲ್ಲ.

ಊರಿನವರು ಅವರಿಗೆ 'ದೇವರ ಬೆನ್ನು ನೋಡೋನು' ಎಂದು ಹೆಸರಿಟ್ಟರು. ಕಟ್ಟೆ ಮೇಲಿನ ದೇವರ ಗಾಜು ಕದ್ದು ಮಾರುತ್ತಾನೆ ಎಂದೂ ಆಡಿಕೊಂಡರು. ಪಟವನ್ನು ಬಿಚ್ಚಿ, ಮಡಿಸದೆ ಒಯ್ದು ಕೆರೆಗೆ ಬಿಟ್ಟು ಬರುತ್ತಿದ್ದದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ನಾನೂ ಆಡಿಕೊಂಡವಳೇ. "ಅಣ್ಣಾ, ಇದು ಅಲ್ಲಾಡಿಬಿಟ್ಟೈತಲ್ಲ, ಒಂದು ಮುಖಾನೂ ಕಾಣಲ್ಲ," ಎಂದೆ ಆ ಬೊಂಬಾಯಿ ಬೀದಿ ನೋಡಿ.

"ಅಲ್ಲಾಡಿಲ್ಲಮ್ಮ. ಬೇಕಂತಲೇ ಹಂಗೆ ತೆಗ್ದವ್ನೆ. ಮಳೆಯಾಗೆ ನಡ್ಕಂಡು ಬರುವಾಗ ನಿಂಗೆ ಯಾರ ಮುಖ ಚೂಪಾಗಿ ಕಾಣ್ತೈತೆ ಹೇಳು? ಇವ್ನು ಕ್ಯಾಮೆರಾ ಇಟ್ಕಂಡು ಚಿತ್ರ ಬರ್ದವ್ನೆ."

ಗುಜರಿಯಲ್ಲಿ ಸಿಕ್ಕಿದ್ದ ಹಳೆಯ ಇಂಗ್ಲಿಷ್ ಪುಸ್ತಕವನ್ನು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ನಾಲ್ಕು ವರ್ಷ ಓದಿ ಇದನ್ನೆಲ್ಲ ಕಲಿತಿದ್ದರು. ಅಂಚು ಬಿಟ್ಟು ಬೇರೆಲ್ಲೂ ಬೆರಳು ತಾಗಿಸುತ್ತಿರಲಿಲ್ಲ. ಬೆಣ್ಣೆಕಾಗದದಲ್ಲಿ ಒಂದೊಂದನ್ನೇ ಸುತ್ತಿ ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದರು. ಕಟ್ಟು ಹಾಕುವುದೇ ಕಸುಬಾದರೂ ಇವಕ್ಕೊಂದು ಕಟ್ಟು ಹಾಕಲಿಲ್ಲ. ಬಿಸಿಲು ತಗಲುತ್ತದಂತೆ.

ಕೊನೆಗೆ ಸಿಕ್ಕಿದ್ದು ಹೊಸದುರ್ಗದ ಕಟ್ಟೆಯಲ್ಲಿ, ಗೆದ್ದಲು ಹಿಡಿದ ಒಂದು ಈಶ್ವರನ ಪಟದ ಹಿಂದೆ. ಇಸವಿ ಸಾವಿರದ ಒಂಬೈನೂರ ಹನ್ನೆರಡು. ನಮ್ಮ ದುರ್ಗದ್ದೇ ಪೇಟೆ ಬೀದಿ. ಬೆಳಗಿನ ಹೊಗೆ, ಹಿಂದೆ ಮಸುಕಾಗಿ ಕೋಟೆ ಬಂಡೆ. ಬೀದಿ ತುಂಬ ಕುರಿಗಳು ಹೋಗುತ್ತಿವೆ, ಅವುಗಳ ಹಿಂದೆ ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಮನುಷ್ಯ. ಅವನ ಬೆನ್ನಷ್ಟೇ ಕಾಣುತ್ತದೆ. ಅಂದು ಸಣ್ಣಪ್ಪಣ್ಣ ಅಂಗಡಿ ಬಾಗಿಲು ಅರ್ಧ ಎಳೆದು ಒಳಗೇ ಕೂತಿದ್ದರು. ನಾನು ಹೋದರೆ ಕಣ್ಣು ಒದ್ದೆಯಾಗಿತ್ತು.

"ನಮ್ಮ ಹಟ್ಟಿಯಾಗೆ ಯಾರ ತಾತಂದೂ ಒಂದು ಫೋಟೋ ಇಲ್ಲಮ್ಮ," ಎಂದರು. "ನಮ್ಮಪ್ಪಂದೇ ಇಲ್ಲ. ಊರಿಗೆಲ್ಲ ಕಟ್ಟು ಹಾಕ್ದೆ, ನಮ್ಮಪ್ಪಂಗೆ ಹಾಕಕ್ಕೆ ಮುಖ ಇರ್ಲಿಲ್ಲ. ಇವ್ನು ನಮ್ಮೋನು ನೋಡು. ಯಾರಾದ್ರೂ ಆಗ್ಲಿ, ನಮ್ಮೋನು."

ಇನ್ನು ನನ್ನ ವಿಚಾರ. ನಮ್ಮೂರಲ್ಲಿ ಯಾವ ಕಾಗದಕ್ಕೆ ಬೆಲೆ ಇದೆಯೋ ಅದನ್ನೆಲ್ಲ ಲ್ಯಾಮಿನೇಷನ್ ಮಾಡಿಸುತ್ತಾರೆ. ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಮನೆಯ ಹಕ್ಕುಪತ್ರ, ಮಠದಲ್ಲಿ ಕೊಟ್ಟ ಸ್ವಾಮಿಗಳ ಫೋಟೋ. ಅದು ನಾವು ಕಾಗದಕ್ಕೆ ಕೊಡುವ ಮರ್ಯಾದೆ. ಭೀಮಸಮುದ್ರದ ಅಡಿಕೆ ವ್ಯಾಪಾರಿಗಳೂ ನನ್ನ ಅಂಗಡಿಗೇ ಬರುತ್ತಾರೆ. ಅವರೆಲ್ಲರ ಎದುರಿಗೆ ಸಣ್ಣಪ್ಪಣ್ಣ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು: "ಉಸಿರು ಕಟ್ಸಿ ಸಾಯಿಸ್ತೀಯಲ್ಲಮ್ಮ ಅದನ್ನ. ಕಾಗದ ಉಸಿರಾಡ್ಬೇಕು ಕಣಮ್ಮ." ಒಂದು ಸಲವಲ್ಲ, ಹತ್ತು ಸಲ. ಗಿರಾಕಿಗಳು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ದೊಡ್ಡ ಅಳತೆಯ ಹೊಸ ಮೆಷಿನ್ ತಂದ ದಿನ ಸಿಹಿ ಕೊಟ್ಟರೆ, ಸಿಹಿ ತಿಂದು, ಮೆಷಿನ್ನಿನ ಕಡೆ ನೋಡಿ, "ಇನ್ನೂ ದೊಡ್ಡ ಹೆಣ ಹಿಡಿಸ್ತೈತೆ ಅನ್ನು," ಎಂದಿದ್ದರು. ತಮಾಷೆಗೇ ಅಂದದ್ದು. ನಾನು ಮಾತ್ರ ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಹೋದ ವರ್ಷಕ್ಕೆ ಹಿಂದಿನ ವರ್ಷ, ಬೆಂಗಳೂರಿನ ಒಂದು ಮ್ಯೂಸಿಯಂನವರು ಹಳೆಯ ಬೀದಿ ಫೋಟೋಗಳನ್ನು ಹುಡುಕುತ್ತಿದ್ದಾರೆಂದು ಪೇಪರಿನಲ್ಲಿ ಬಂತು. ಅಣ್ಣ ಪೇಪರು ಹಿಡಿದು ನನ್ನ ಹತ್ತಿರ ಬಂದರು. ನಾನೇ ನನ್ನ ಫೋನಿನಲ್ಲಿ ಮೂವತ್ತೊಂದನ್ನೂ ತೆಗೆದು ಕಳಿಸಿದೆ. ಅವಸರದಲ್ಲಿ ತೆಗೆದದ್ದು, ಅರ್ಧಕ್ಕರ್ಧದಲ್ಲಿ ನನ್ನ ಹೆಬ್ಬೆರಳಿನ ನೆರಳಿತ್ತು. ಆದರೂ ಮರುದಿನವೇ ಫೋನು ಬಂತು. ನಿರಂಜನ್ ಎಂದು, ಮ್ಯೂಸಿಯಂನಲ್ಲಿ ಫೋಟೋಗಳನ್ನು ಆರಿಸುವವರು. ನಾನು ಸ್ಪೀಕರ್ ಹಾಕಿದೆ.

"ಸಣ್ಣಪ್ಪನವರೇ, ಇವು ಎಂಥವು ಅಂತ ನಿಮಗೆ ಗೊತ್ತಾ?"

"ಗೊತ್ತು ಸಾರ್," ಎಂದರು ಅಣ್ಣ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ದಯವಿಟ್ಟು ಒರೆಸಬೇಡಿ, ಅಂಟಿಸಬೇಡಿ, ಹೇಗಿವೆಯೋ ಹಾಗೇ ಇರಲಿ. ಸೋಮವಾರ ನಾನೇ ಬರ್ತೀನಿ. ಚೆನ್ನಾಗಿ ಉಳಿದಿದ್ರೆ ಒಂದು ಗೋಡೆ ಪೂರ್ತಿ ಇವಕ್ಕೇ ಬಿಡ್ತೀವಿ."

"ಸಾರ್, ಒಂದು ಕೇಳ್ಲಾ? ಆ ಕುರಿ ಫೋಟೋದ ಕೆಳಗೆ, ಕುರಿ ಕಾಯೋನು, ಹೆಸರು ಗೊತ್ತಿಲ್ಲ ಅಂತ ಬರೀರಿ. ಬರೀ ಬೀದಿ ಅಂತ ಬರೀಬ್ಯಾಡ್ರಿ."

ಆಯಿತು ಎಂದರು ಅವರು. ಅಣ್ಣನಿಗೆ ಬೇಕಾದದ್ದು ಅಷ್ಟೇ. ಒಂದು ಗೋಡೆ, ಒಂದು ಸಾಲು.

ಶನಿವಾರ ಬೆಳಿಗ್ಗೆ ಟ್ರಂಕಿನ ಬೀಗದ ಕೈಯನ್ನು ಹೆಂಡತಿ ಕಾಳಕ್ಕನಿಗೆ ಕೊಟ್ಟು ಊರಿಗೆ ಹೋದರು. ಹಟ್ಟಿಯ ಹಿರಿಯರನ್ನು ಸೋಮವಾರಕ್ಕೆ ಬರಹೇಳಬೇಕು, ನಮ್ಮೋನು ಮ್ಯೂಸಿಯಂಗೆ ಹೋಗುವುದನ್ನು ಅವರು ನೋಡಬೇಕು ಎಂಬ ಆಸೆ.

ಅಂದು ಸಂಜೆ ಕಾಳಕ್ಕ ಟ್ರಂಕನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಅಂಗಡಿಗೆ ಬಂದಳು. ಮದುವೆಯಾದಾಗಿನಿಂದ ಆ ಟ್ರಂಕಿಗೆ ಬೈದವಳು ಅವಳು. ಮನೆಗೆ ದರಿದ್ರ ತಂದ ಕಸ ಎಂದು ಬೀದಿಗೆ ಕೇಳುವಂತೆ ಜಗಳ ಮಾಡಿದ್ದುಂಟು. ಈಗ ಸೀರೆ ಸೆರಗಿನಲ್ಲಿ ಅದರ ಧೂಳು ಒರೆಸಿ ನನ್ನ ಮೇಜಿನ ಮೇಲಿಟ್ಟಳು.

"ರೋಜಮ್ಮ, ಸೋಮವಾರ ದೊಡ್ಡೋರು ಬರ್ತಾರಂತೆ. ನಮ್ಮ ಯಜಮಾನ್ರು, ಮುಟ್ಟಿದ್ರೆ ಹಾಳಾಗ್ತಾವೆ, ಉಸುರು ತಾಗಿದ್ರೆ ಹಾಳಾಗ್ತಾವೆ ಅಂತ ನನ್ನ ಜೀವ ತಿಂದವ್ರೆ. ಇವ್ರು ಊರಿಂದ ಬರಾದ್ರೊಳಗೆ ಎಲ್ಲಾದ್ಕೂ ಲ್ಯಾಮಿನೇಷನ್ ಮಾಡ್ಕೊಡು. ಇಷ್ಟು ವರ್ಷ ಬೈದೆ, ಒಂದು ಒಳ್ಳೇದಾದ್ರೂ ಮಾಡಾಣ."

ಮರೆತಿದ್ದೆ ಎಂದು ಬರೆದರೆ ನನಗೆ ಸುಲಭ. ಮರೆತಿರಲಿಲ್ಲ. ಫೋನಿನಲ್ಲಿ ನಿರಂಜನ್ ಹೇಳಿದ್ದು ನೆನಪಿತ್ತು, ಕಾಗದ ಉಸಿರಾಡಬೇಕು ಎನ್ನುವ ಮಾತಂತೂ ಕಿವಿಯಲ್ಲೇ ಇತ್ತು. 'ಬೇಡ ಕಾಳಕ್ಕ, ಅಣ್ಣ ಬರಲಿ' ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಆ ಹೊತ್ತಿನಲ್ಲಿ ನನ್ನೊಳಗೆ ಬೇರೆಯೇ ಏನೋ ಎದ್ದು ಕೂತಿತ್ತು. ಹೆಣ ಹಿಡಿಸ್ತೈತೆ ಅಂದರಲ್ಲ, ನೋಡಲಿ. ನನ್ನ ಮೆಷಿನ್ನಿನಿಂದ ಹೊರಬಂದ ಮೇಲೆ ಹೇಗೆ ಕಾಣುತ್ತವೆ ಅಂತ ಒಮ್ಮೆ ನೋಡಲಿ. ಸ್ವಿಚ್ ಹಾಕಿದೆ.

ಮೊದಲನೆಯದಕ್ಕೇ ಗುಳ್ಳೆ ಎದ್ದಿತು. ನೂರು ವರ್ಷದ ಕಾಗದದೊಳಗೆ ಕೂತಿದ್ದ ತೇವ ಕುದಿದು ಮೇಲೆ ಬಂದಿತ್ತು, ಅದು ನನಗೆ ಆಮೇಲೆ ತಿಳಿದದ್ದು. ನಮ್ಮ ಕಸುಬಿನಲ್ಲಿ ಗುಳ್ಳೆ ಬಂದರೆ ಬಿಸಿ ಸಾಲದು ಎಂದು ಅರ್ಥ. ಬಿಸಿ ಹೆಚ್ಚಿಸಿದೆ. ಬೊಂಬಾಯಿಯ ಮಳೆ ಹೋಯಿತು. ಮದರಾಸಿನ ದೀಪದ ಸುತ್ತ ಇದ್ದ ಮಂಜು ಕರಗಿ ಕಂದು ಕಲೆಯಾಯಿತು. ಹತ್ತಿಯಷ್ಟು ಮೆತ್ತಗಿದ್ದ ಕಪ್ಪೆಲ್ಲ ಪಾಲಿಶ್ ಹಾಕಿದ ಬೂಟಿನ ಹಾಗೆ ಹೊಳೆಯತೊಡಗಿತು. ಏನೋ ಕೆಟ್ಟಿದೆ ಎಂದು ಐದಾರನೆಯದಕ್ಕೇ ನನಗೆ ಗೊತ್ತಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಇಪ್ಪತ್ತೈದು ಉಳಿಯುತ್ತಿದ್ದವು. ನಿಲ್ಲಿಸಿದರೆ ಕೆಟ್ಟಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಪಕ್ಕದಲ್ಲಿ ಕಾಳಕ್ಕ, "ಅಯ್ಯಪ್ಪಾ, ಏನ್ ಮಿಂಚ್ತಾವಮ್ಮ!" ಎಂದು ಒಂದೊಂದನ್ನೂ ಎತ್ತಿ ನೋಡುತ್ತಿದ್ದಳು. ಕೊನೆಯದು ಕುರಿಯದು. ಅದನ್ನೂ ಹಾಕಿದೆ.

ಭಾನುವಾರ ಸಂಜೆ ಅಣ್ಣ ಊರಿಂದ ಬಂದರು. ಸ್ವಲ್ಪ ಹೊತ್ತಿಗೆ ಕುರಿಯ ಫೋಟೋ ಒಂದನ್ನೇ ಹಿಡಿದು ನನ್ನ ಬಾಗಿಲಲ್ಲಿ ನಿಂತರು. ಅಂಚಿನಲ್ಲಿ ಹಿಡಿದಿರಲಿಲ್ಲ, ಪೇಪರಿನ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದರು.

"ನಿಂಗೆ ಹೇಳಿದ್ನಲ್ಲಮ್ಮ."

"ಕಾಳಕ್ಕ ಬಂದು ಕೇಳಿದ್ಲು ಅಣ್ಣಾ," ಎಂದೆ. ನಾಚಿಕೆಗೆಟ್ಟ ನಾಲಿಗೆ ಅದು.

"ಅವ್ಳಿಗೆ ನಾನು ಯಾವತ್ತೂ ಏನೂ ಹೇಳ್ಕೊಟ್ಟಿರ್ಲಿಲ್ಲ. ನಿಂಗೆ ಹೇಳ್ಕೊಟ್ಟಿದ್ದೆ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಗುವಾಗ ತಿರುಗಿ, "ಅವ್ಳಿಗೆ ಇದು ಕೆಟ್ಟೈತೆ ಅಂತ ಹೇಳ್ಬ್ಯಾಡ," ಎಂದರು. ಇವಿಷ್ಟು ಮಾತು ಬಿಟ್ಟರೆ ಅದರ ಬಗ್ಗೆ ಅವರು ನನ್ನೊಡನೆ ಮತ್ತೆಂದೂ ಮಾತೆತ್ತಲಿಲ್ಲ.

ಸೋಮವಾರ ಹಟ್ಟಿಯ ಹಿರಿಯರಿಬ್ಬರು ಒಗೆದ ಪಂಚೆಯುಟ್ಟು ಬೆಳಿಗ್ಗೆಯೇ ಬಂದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಬರಬೇಡಿ ಎಂದು ಹೇಳಿ ಕಳಿಸುವುದಕ್ಕೂ ಅಣ್ಣನಿಗೆ ಹೊತ್ತಿರಲಿಲ್ಲ. ಕುರಿಯ ಫೋಟೋ ಕೈಗೆ ತೆಗೆದುಕೊಂಡು ಒಬ್ಬರು, "ಅಬಬಬ, ಕನ್ನಡಿ ಇದ್ದಂಗೈತಲ್ಲೋ ಸಣ್ಣ!" ಎಂದರು. ಇನ್ನೊಬ್ಬರು ಅದಕ್ಕೆ ಕೈಮುಗಿದರು. ಕಾಳಕ್ಕ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟಳು.

ನಿರಂಜನ್ ಹನ್ನೊಂದಕ್ಕೆ ಬಂದರು. ಬಿಳಿ ಕೈಗವಸು ಹಾಕಿಕೊಂಡು ಮೊದಲನೆಯದನ್ನು ಎತ್ತಿದವರು ಹಾಗೇ ನಿಂತರು. ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ಅಂಚನ್ನು ಬೆರಳಿನಲ್ಲಿ ಕೆದಕಿದರು. ಆಮೇಲೆ ಕೈಗವಸು ತೆಗೆದು ಜೇಬಿಗೆ ಹಾಕಿಕೊಂಡರು.

"ಬಿಡಿಸೋಕಾಗಲ್ಲ. ಅಂಟು ಕಾಗದದೊಳಗೆ ಇಳಿದುಹೋಗಿದೆ. ಎಲ್ಲವೂ ಹೀಗೇನಾ?" ಎಂದರು. ಅಣ್ಣ ತಲೆಯಾಡಿಸಿದರು. "ಯಾರು ಮಾಡಿದ್ದು ಇದನ್ನ?"

ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಕಾಳಕ್ಕ ತಟ್ಟೆ ಹಿಡಿದುಕೊಂಡು, ನಗುತ್ತಾ, ಇನ್ನೇನು 'ನಾನೇ ಮಾಡ್ಸಿದ್ದು' ಎಂದು ಹೇಳುವವಳಿದ್ದಳು.

"ನಾನೇ ಮಾಡ್ಸಿದ್ದು ಸಾರ್," ಎಂದರು ಸಣ್ಣಪ್ಪಣ್ಣ. "ಧೂಳು ಬೀಳ್ತಿತ್ತು."

ನಿರಂಜನ್ ಒಂದು ಗಳಿಗೆ ಅಣ್ಣನ ಮುಖವನ್ನೇ ನೋಡಿದರು. ಆ ನೋಟ ನನಗೆ ಗೊತ್ತು. ಅರ್ಜಿ ತಪ್ಪು ತುಂಬಿದ ಹಳ್ಳಿಯವನನ್ನು ಆಫೀಸಿನವರು ನೋಡುವ ನೋಟ. ಮಂಡಕ್ಕಿ ಮುಟ್ಟದೆ ಕಾರು ಹತ್ತಿದರು. "ತಗಂಡೋಗಲಿಲ್ಲೇನೋ ಸಣ್ಣ?" ಎಂದು ಹಿರಿಯರು ಕೇಳಿದರು. ಗೋಡೆ ಇನ್ನೂ ಕಟ್ಟಿಲ್ಲವಂತೆ, ಕಟ್ಟಿದ ಮೇಲೆ ಕರೆಯುತ್ತಾರಂತೆ ಎಂದು ಹೇಳಿ ಅಣ್ಣ ಅವರನ್ನು ಬಸ್ಸಿಗೆ ಹತ್ತಿಸಿ ಬಂದರು. ಕಾಳಕ್ಕ ಮಾತ್ರ ನನ್ನ ಹತ್ತಿರ ಬಂದು ಗೊಣಗಿದಳು. "ನೋಡಿದ್ಯಾ? ಮಾಡ್ಸಿದ್ದು ನಾನು, ಹೆಸರು ಮಾತ್ರ ಅವ್ರಿಗೆ!"

ಎರಡು ತಿಂಗಳ ಮೇಲೆ ಯೂಟ್ಯೂಬಿನಲ್ಲಿ ನಿರಂಜನ್ ಅವರ ಭಾಷಣ ಸಿಕ್ಕಿತು. ಹಿಂದಿನ ಪರದೆಯ ಮೇಲೆ ನಾನು ಕಳಿಸಿದ ಬೊಂಬಾಯಿ ಬೀದಿ, ನನ್ನ ಹೆಬ್ಬೆರಳಿನ ನೆರಳಿನ ಸಮೇತ. ಚಿತ್ರದುರ್ಗದಲ್ಲಿ ಕಟ್ಟು ಹಾಕುವವನೊಬ್ಬ ಇಂಥ ಮೂವತ್ತೊಂದನ್ನು ಇಪ್ಪತ್ತೆಂಟು ವರ್ಷ ಜೋಪಾನ ಮಾಡಿದ, ತಾವು ಹೋಗುವ ಮೊದಲು ಭಕ್ತಿಯಿಂದ ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿಟ್ಟ, ಎಂದರು. ಸಭೆ ಘೊಳ್ಳೆಂದು ನಕ್ಕಿತು. ಅರಿವಿಲ್ಲದವರ ಕೈಗೆ ಸಿಕ್ಕರೆ ಹೀಗೆಯೇ ಎಂದು ಅವರು ಮುಂದಿನ ಚಿತ್ರಕ್ಕೆ ಹೋದರು. ಈ ಊರಿನಲ್ಲಿ ಫೋಟೋವನ್ನು ಅಂಚಿನಲ್ಲಿ ಹಿಡಿಯಲು ಬರುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅರಿವಿಲ್ಲದವನಾದ. ಆ ವಿಡಿಯೋದ ಕೆಳಗೆ ನಿಜ ಬರೆಯೋಣವೆಂದು ಮೂರು ಸಲ ಟೈಪು ಮಾಡಿದೆ. ಮೂರು ಸಲವೂ ಅಳಿಸಿದೆ, ನನ್ನ ಅಂಗಡಿಯ ಹೆಸರು ಬರುತ್ತದಲ್ಲ ಎಂದು.

ಆಮೇಲೆ ಅಣ್ಣ ಅರಳಿಕಟ್ಟೆಗಳಿಗೆ ಹೋಗುವುದನ್ನು ಬಿಟ್ಟರು. ಯಾರಾದರೂ ದೇವರ ಪಟ ತಂದರೆ, ಕಟ್ಟು ಕೂರಿಸಿ, ಹಲಗೆ ಹೊಡೆಯುವ ಮೊದಲು ಟ್ರಂಕಿನಿಂದ ಒಂದು ಬೀದಿ ತೆಗೆದು ದೇವರ ಹಿಂದೆ ಇಡುತ್ತಿದ್ದರು. ಗೋಡೆಯ ತೇವ ಏರುವುದಿಲ್ಲ, ಪ್ಲಾಸ್ಟಿಕ್ ಇದೆಯಲ್ಲ ಎಂದು ಗಿರಾಕಿಗೆ ಹೇಳುತ್ತಿದ್ದುದು ನನಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಒಂದು ವರ್ಷದಲ್ಲಿ ಮೂವತ್ತು ಬೀದಿಗಳೂ ಹೀಗೆ ಊರೂರಿನ ಗೋಡೆಗಳಿಗೆ ಹೋದವು. ಕುರಿಯದೊಂದನ್ನು ಕಾಳಕ್ಕ ಕೊಡಲಿಲ್ಲ. ಮನೆಯಲ್ಲಿ ತೂಗುಹಾಕಿ, ಹಿರಿಯರೆಂದು ಪ್ರತಿ ಅಮಾವಾಸ್ಯೆಗೆ ಕುಂಕುಮ ಇಡುತ್ತಾಳೆ. ಪ್ಲಾಸ್ಟಿಕ್ ಇರುವುದರಿಂದ ಒರೆಸಿದರೆ ಹೋಗುತ್ತದೆ ಎಂದು ಅವಳಿಗೆ ಸಮಾಧಾನ.

ಈ ಸಲದ ಯುಗಾದಿಗೆ ಹದಿನೈದು ದಿನ ಮುಂಚೆ ಸಣ್ಣಪ್ಪಣ್ಣ ತೀರಿಕೊಂಡರು. ಮಧ್ಯಾಹ್ನ ಊಟಕ್ಕೆಂದು ಎದ್ದವರು ಅಂಗಡಿಯಲ್ಲೇ ಕುಸಿದರು. ಸುತ್ತಿಗೆ ಬಿದ್ದ ಸದ್ದು ನನಗೆ ಕೇಳಿಸಿತ್ತು. ಕೆಲಸದ ಸದ್ದು ಎಂದುಕೊಂಡೆ.

ಹನ್ನೊಂದನೆಯ ದಿನ ಮುಗಿಸಿಕೊಂಡು ಕಾಳಕ್ಕ ಬಂದಳು. ಕೈಯಲ್ಲಿ ಅಣ್ಣನ ಫೋಟೋ. ಯಾವುದೋ ಮದುವೆಯಲ್ಲಿ ತೆಗೆದದ್ದು, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದಾಳೆ. ಅಣ್ಣ ಅದರಲ್ಲಿ ನೇರವಾಗಿ ನನ್ನನ್ನೇ ನೋಡುತ್ತಿದ್ದರು.

"ಹಿರೇರ ಪಕ್ಕ ಹಾಕ್ತೀನಿ. ಅದೇ ಥರ ಲ್ಯಾಮಿನೇಷನ್ ಮಾಡ್ಕೊಡು."

"ಬ್ಯಾಡ ಕಾಳಕ್ಕ," ಎಂದೆ. "ಇದು ಹಂಗೇ ಇರ್ಲಿ. ಕಾಗದ ಉಸಿರಾಡ್ಬೇಕು."

ಕಾಳಕ್ಕ ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಅವಳ ಕಣ್ಣು ತುಂಬಿತು.

"ಆವತ್ತು ಮೂವತ್ತೊಂದು ತಂದಿದ್ದೆ. ಒಂದಕ್ಕೂ ನೀನು ಬ್ಯಾಡ ಅನ್ಲಿಲ್ಲ. ಇವ್ರದೊಂದಕ್ಕೆ ಯಾಕಮ್ಮ ಬ್ಯಾಡ ಅಂತೀಯ?"

ನಾನು ಫೋಟೋವನ್ನು ಅಂಚಿನಲ್ಲಿ ಹಿಡಿದು ಇಸಿದುಕೊಂಡೆ. ಸ್ವಿಚ್ ಹಾಕಿದೆ. ಮೆಷಿನ್ ಬಿಸಿಯಾಗುವ ತನಕ ಇಬ್ಬರೂ ಕಾಯುತ್ತಾ ನಿಂತಿದ್ದೆವು.